‘ತಪ್ಪು’ ಎಂಬ ಒಂದೇ ಮಾತು

ಬೆಳಕವಾಡಿಯ ಗದ್ದೆಬಯಲಿನಲ್ಲಿ ಒಬ್ಬನು ಸರದಿ ಮೀರಿ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡರೆ ಅದು ತಪ್ಪು. ಅವನ ಮಗ ಶಾಲೆಯಲ್ಲಿ ಏಳೆಂಟ್ಲ ಐವತ್ತನಾಲ್ಕು ಎಂದರೆ ಅದೂ ತಪ್ಪು. ಹರಕೆಯನ್ನು ಮರೆತವನು ದೇವರಿಗೆ ಸಲ್ಲಿಸುವ ಹಣಕ್ಕೆ ತಪ್ಪುಕಾಣಿಕೆಯೆಂದು ಹೆಸರು. ದಾರಿ ತಪ್ಪುತ್ತದೆ, ಗುರಿ ತಪ್ಪುತ್ತದೆ. ಕೊಟ್ಟ ಮಾತಿಗೂ ಜನ ತಪ್ಪುತ್ತಾರೆ. ಇರಬೇಕಾದ ಎಡೆಯಿಂದ ಜಾರುವುದೆಂಬ ಒಂದೇ ಚಿತ್ರವನ್ನು ನಮ್ಮ ನುಡಿ ಲೆಕ್ಕದಿಂದ ನೀತಿಯವರೆಗೆ ಹಬ್ಬಿಸಿದೆ. ಇದು ಕನ್ನಡಕ್ಕೇ ಮೀಸಲಲ್ಲ. ಗ್ರೀಕರ ‘ಹಮಾರ್ತಿಯ’ ಎಂಬ ಮಾತೂ ಗುರಿ ತಪ್ಪುವುದರಿಂದ ಬೆಳೆದು, ಕ್ರೈಸ್ತ ಗ್ರಂಥದಲ್ಲಿ ಪಾಪವೆಂಬ ಅರ್ಥವನ್ನು ತಳೆಯಿತು.

ಹಾಗೆಂದು ಕನ್ನಡಿಗರಿಗೆ ಲೆಕ್ಕದ ತಪ್ಪಿಗೂ ಪಾಪಕ್ಕೂ ಭೇದ ತಿಳಿಯದೆನ್ನುವುದು ಅವಿವೇಕ. ಅಪರಾಧ, ಅನ್ಯಾಯ, ಮೈಲಿಗೆ ಎಂಬ ಬೇರೆ ಮಾತುಗಳೂ ನಮ್ಮಲ್ಲುಂಟು. ಆದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಜನದಿಂದ ಜನಕ್ಕೆ ಬೇರೆಯಾಗುತ್ತದೆ. ಶ್ವೇಡರ್, ಮಹಾಪಾತ್ರ, ಮಿಲ್ಲರ್ ಎಂಬುವರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದುಂಟು. ತಂದೆ ತೀರಿಕೊಂಡ ಮರುದಿನ ಹಿರಿಯ ಮಗನು ಕ್ಷೌರ ಮಾಡಿಸಿಕೊಂಡು ಕೋಳಿ ತಿನ್ನುವುದು ಭುವನೇಶ್ವರದ ಹಿಂದೂಗಳಿಗೆ ಬಹು ಘೋರವಾಗಿ ಕಂಡಿತು. ಷಿಕಾಗೋದವರಿಗೆ ಅದು ತಪ್ಪೆಂದೇ ತೋರಲಿಲ್ಲ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹತ್ತು ಸಮಾಜಗಳನ್ನು ಹೋಲಿಸಿತು. ಬೇಕೆಂದು ಮಾಡಿದನೆ, ಅರಿಯದೆ ಮಾಡಿದನೆ ಎಂಬ ಪ್ರಶ್ನೆಗೆ ಎಲ್ಲರೂ ಒಂದೇ ತೂಕ ಕೊಡಲಿಲ್ಲ. ಫಿಜಿಯ ಯಸಾವ ದ್ವೀಪದವರು ಕೊಟ್ಟುದು ಅತ್ಯಲ್ಪ. ಇದು ವಿಚಿತ್ರವೆನ್ನುವವರು, ಅರಿಯದೆ ಪುಸ್ತಕಕ್ಕೆ ಕಾಲು ತಗುಲಿದಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ತಮ್ಮ ಕೈಯನ್ನೇ ನೆನೆಯಬಹುದು.

ಈ ಹಬ್ಬುಗೆಯಿಂದ ಕೇಡೂ ಉಂಟು. ಅದು ಚೆನ್ನಾಗಿ ಕಾಣುವುದು ಪ್ರಯೋಗಶಾಲೆಯಲ್ಲಿ. ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆದ ವಿದ್ಯಾರ್ಥಿಗೆ, ನಮ್ಮ ಸೀಮೆಯಲ್ಲಿ ಬರಬೇಕಾದ 9.78ರ ಬದಲು 9.6 ಬಂದಿತೆನ್ನಿ. ‘ತಪ್ಪಾಯಿತು’ ಎಂದು ಅವನು ನಾಚುತ್ತಾನೆ. ನೆರೆಯವನ ಪುಸ್ತಕ ನೋಡಿ ಅಂಕಿಗಳನ್ನು ತಿದ್ದುತ್ತಾನೆ. ಮೊದಲನೆಯದು ಗುರಿ ತಪ್ಪಿದುದು, ಎರಡನೆಯದು ಸುಳ್ಳು. ಮೊದಲನೆಯದರ ನಾಚಿಕೆಯೇ ಎರಡನೆಯದನ್ನು ಮಾಡಿಸಿತು. ಅಧ್ಯಾಪಕರ ಕೆಂಪು ಶಾಯಿಯೂ ಇದಕ್ಕೆ ಹೊಣೆಯೇ ಸರಿ. ಅಳತೆಯ ಹೆಚ್ಚುಕಡಮೆಯನ್ನು ಪಠ್ಯಪುಸ್ತಕಗಳು ‘ದೋಷ’ವೆಂದು ಕರೆದುದರಿಂದಲೂ ಸುಖವಾಗಲಿಲ್ಲ, ಜಾತಕದಲ್ಲಿರುವುದೂ ದೋಷವೇ ಅಲ್ಲವೆ? ‘ಅಳತೆಯ ವ್ಯತ್ಯಾಸ’ವೆಂದರೆ ಸಾಕಾಗಿತ್ತು.

ಅರ್ಧ ಮೀಟರು ಉದ್ದದ ಲೋಲಕದಲ್ಲಿ ದಾರವನ್ನಷ್ಟೆ ಅಳೆದು, ಗುಂಡಿನ ಒಂದು ಸೆಂಟಿಮೀಟರು ತ್ರಿಜ್ಯವನ್ನು ಕೂಡಿಸದೆ ಬಿಟ್ಟರೆ 9.6ರ ಸಮೀಪಕ್ಕೇ ಉತ್ತರ ಬರುತ್ತದೆ. 9.6 ಎಂದೇ ಬರೆದು ಈ ಕಾರಣವನ್ನು ಕಂಡುಹಿಡಿದವನಿಗೆ ಪೂರ್ಣ ಅಂಕಗಳನ್ನೂ, 9.78 ಎಂದು ತಿದ್ದಿದವನಿಗೆ ಸೊನ್ನೆಯನ್ನೂ ಕೊಡತಕ್ಕದ್ದೆಂದು ನನ್ನ ಅಭಿಪ್ರಾಯ.