ನಂಬಿಕೆ ಬೇರೆ, ಬಿಲ್ ಬೇರೆ

ಭಾಗ 1/7

ಮೊದಲ ಫೋಟೋ ನೋಡಿ. ಅಂಗಡಿ ಹೆಸರಿನ ಮೇಲೆ ಕಪ್ಪು ಬಳಿದಿದ್ದೀನಿ. ಉಳಿದಿರೋದು ಒಂದೇ ಸಾಲು: ನೆಕ್ಲೇಸ್ 916, 42.300 ಗ್ರಾಂ, ಪಕ್ಕದಲ್ಲಿ ಒಟ್ಟು ಮೊತ್ತ. ಕಲ್ಲಿನ ತೂಕ ಇಲ್ಲ, ಮಜೂರಿ ಎಷ್ಟು ಅಂತ ಇಲ್ಲ, ಆವತ್ತಿನ ರೇಟೂ ಇಲ್ಲ.

2012ರಲ್ಲಿ ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ಅಮ್ಮನಿಗೆ ಕೊಡಿಸಿದ್ದು ಇದು. ಕೆಂಪು, ಹಸಿರು ಕಲ್ಲಿನ ನೆಕ್ಲೇಸು. ಹನ್ನೊಂದು ವರ್ಷ ನಮ್ಮ ಮನೇಲಿ ಯಾವ ಕಷ್ಟ ಬಂದ್ರೂ ಒಂದೇ ಮಾತು: "ಹೆದರಬೇಡಿ, ಆ ನೆಕ್ಲೇಸ್ ಇದೆಯಲ್ಲ."

2023ರಲ್ಲಿ ಅಪ್ಪನ ಆಪರೇಷನ್ ಬಂತು. ನೆಕ್ಲೇಸ್ ಮಾರೋಕೆ ಹೋದ್ವಿ. ಕಲ್ಲು ಕಿತ್ರು, ಒಳಗಿನ ಅರಗು ತೆಗೆದ್ರು, ಕರಗಿಸಿದ್ರು. 42.300 ಗ್ರಾಂ ಇದ್ದಿದ್ದು 33.200 ಗ್ರಾಂ ಆಯ್ತು. ಮೆಷೀನಿಗೆ ಇಟ್ರೆ ಶುದ್ಧತೆ 85%. ಅಂದ್ರೆ ಬಿಲ್ ಪ್ರಕಾರ ಇರಬೇಕಿದ್ದ ಅಪರಂಜಿ 38.75 ಗ್ರಾಂ, ಸಿಕ್ಕಿದ್ದು 28.22 ಗ್ರಾಂ. ಹತ್ತೂವರೆ ಗ್ರಾಂ ಬಂಗಾರ ನಮ್ಮ ಮನೆಗೆ ಬಂದೇ ಇರಲಿಲ್ಲ. ಕೊರತೆ ತುಂಬೋಕೆ ಅಮ್ಮ ಕೈಯಲ್ಲಿದ್ದ ಬಳೆ ಬಿಚ್ಚಿ ಕೊಟ್ಟಳು.

ಮನೆಗೆ ಬಂದ ಮೇಲೆ ಕೇಳಿದೆ, "ತಗೊಳ್ಳುವಾಗ ಏನೂ ಕೇಳಲಿಲ್ವಾ ಅಮ್ಮ?" "ಪರಿಚಯದವರು ಕಣೇ, ಕೇಳೋದು ಹ್ಯಾಗೆ?" ಅಂದಳು.

ಈ ಏಳು ಪೋಸ್ಟ್ ಆ ಒಂದು ಮಾತಿನ ವಿರುದ್ಧ.

ಭಾಗ 2/7

ಮೊದಲು "916". ನಮ್ಮ ಕಡೆ ಇದನ್ನ ಮಂತ್ರದ ಥರ ಹೇಳ್ತಾರೆ. ಅರ್ಥ ಇಷ್ಟೇ: ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. 24 ಭಾಗಕ್ಕೆ 22 ಭಾಗ, ಅದಕ್ಕೇ 22 ಕ್ಯಾರೆಟ್. 18 ಕ್ಯಾರೆಟ್ ಅಂದ್ರೆ 750, 14 ಅಂದ್ರೆ 585. ಬೇರೆ ಲೋಹ ಬೆರೆಸೋದು ಮೋಸ ಅಲ್ಲ. ಅಪರಂಜಿ ಮೆತ್ತಗಿರುತ್ತೆ, ದಿನಾ ಹಾಕೋ ಬಳೆ ಅದರಲ್ಲಿ ನಿಲ್ಲಲ್ಲ. ಬೆರಕೆ ಎಷ್ಟು ಅಂತ ಸುಳ್ಳು ಹೇಳೋದು ಮೋಸ.

ಇನ್ನೊಂದು ಮಂತ್ರ "ಕೆಡಿಎಂ". ಈಗಲೂ ಅತ್ತೆ, ಚಿಕ್ಕಮ್ಮಂದಿರು "ನಂದು ಕೆಡಿಎಂ, ಪ್ಯೂರ್" ಅಂತಾರೆ. ಕೆಡಿಎಂ ಅಂದ್ರೆ ಕ್ಯಾಡ್ಮಿಯಂ ಹಾಕಿದ ಬೆಸುಗೆ. ಅದು ಬೆಸುಗೆಯ ಹೆಸರು, ಶುದ್ಧತೆಯ ಸರ್ಟಿಫಿಕೇಟ್ ಅಲ್ಲ. ಆ ಹೊಗೆ ಕುಡಿದ ಕೆಲಸಗಾರರ ಶ್ವಾಸಕೋಶ, ಕಿಡ್ನಿ ಹಾಳಾಗುತ್ತೆ ಅನ್ನೋದನ್ನ ಕೌಂಟರ್‌ನಲ್ಲಿ ಯಾರೂ ಹೇಳಲ್ಲ.

ಅಮ್ಮನ ಕಾಲದಲ್ಲಿ ಹಾಲ್‌ಮಾರ್ಕ್ ಇದ್ದರೂ ಕಡ್ಡಾಯ ಇರಲಿಲ್ಲ. ನಿಮಗೆ ಆ ನೆಪ ಇಲ್ಲ. 2021ರ ಜೂನ್‌ನಿಂದ ಹಂತ ಹಂತವಾಗಿ ಕಡ್ಡಾಯ ಆಯ್ತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಒಡವೆ ಮೇಲೆ ಮೂರು ಗುರುತು ನೋಡಿ: ಬಿಐಎಸ್‌ನ ತ್ರಿಕೋನ ಚಿಹ್ನೆ, 22ಕೆ916 ಥರ ಶುದ್ಧತೆ, ಆಮೇಲೆ ಈ ಸಂಖ್ಯೆ. ಕಣ್ಣಿಗೆ ಕಾಣಲ್ಲ ಅಂದ್ರೆ ಭೂತಗನ್ನಡಿ ಕೇಳಿ, ಅಂಗಡಿಯವರು ಇಟ್ಟಿರಲೇಬೇಕು.

ಗುರುತು ಕಂಡ ತಕ್ಷಣ ಖುಷಿ ಪಡಬೇಡಿ. ಫೋನ್‌ನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕ್ಕೊಂಡು ಸಂಖ್ಯೆ ಟೈಪ್ ಮಾಡಿ. ಯಾವ ಥರದ ಒಡವೆ, ಎಷ್ಟು ಶುದ್ಧತೆ, ಎಲ್ಲಿ ಪರೀಕ್ಷೆ ಆಯ್ತು ಎಲ್ಲಾ ಬರುತ್ತೆ. ಕೈಯಲ್ಲಿ ನೆಕ್ಲೇಸ್ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದ್ರೆ ಎದ್ದು ಬನ್ನಿ. ರೀಲ್ಸ್ ನೋಡೋಕೆ ದಿನಾ ಎರಡು ಗಂಟೆ ಇರೋರಿಗೆ ಇದಕ್ಕೆ ಅರ್ಧ ನಿಮಿಷ ಇಲ್ವಾ?

ಭಾಗ 3/7

ಈಗ ಕಲ್ಲು. ನಮ್ಮನ್ನ ಮುಳುಗಿಸಿದ್ದು ಶುದ್ಧತೆಗಿಂತ ಹೆಚ್ಚಾಗಿ ಇದೇ.

ಕಲ್ಲು ಕೂಡಿಸಿದ ಒಡವೆಗೆ ಎರಡು ತೂಕ ಇರುತ್ತೆ. ಎಲ್ಲಾ ಸೇರಿ ತೂಗಿದ್ದು ಗ್ರಾಸ್. ಕಲ್ಲು, ಅರಗು, ದಾರ, ಮಣಿ ಕಳೆದು ಉಳಿದದ್ದು ನೆಟ್. ಚಿನ್ನದ ರೇಟು ನೆಟ್ ತೂಕಕ್ಕೆ ಮಾತ್ರ ಹಾಕಬೇಕು. ಗ್ರಾಸ್‌ಗೆ ಹಾಕಿದ್ರೆ ನೀವು ಅರಗನ್ನೂ ಬಂಗಾರದ ಬೆಲೆಗೆ ಕೊಂಡ ಹಾಗಾಯ್ತು. ನಮ್ಮನೇಲಿ ಒಂಬತ್ತು ಗ್ರಾಂ ಹಾಗೇ ಕೊಂಡಿದ್ದೀವಿ. ಮಾರುವಾಗ ಮಾತ್ರ ಅದೇ ಕಲ್ಲು, ಅದೇ ಅರಗು "ಲೆಕ್ಕಕ್ಕೆ ಬರಲ್ಲ ಮೇಡಂ".

ಸರಿ, ಆ ಕಲ್ಲಾದರೂ ಮಾಣಿಕ್ಯವಾ? ಮಾಣಿಕ್ಯ, ನೀಲ ಎರಡೂ ಕುರುಂದ ಅನ್ನೋ ಒಂದೇ ಖನಿಜ. ಒಳಗೆ ಕ್ರೋಮಿಯಂ ಸೇರಿದ್ರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಸೇರಿದ್ರೆ ನೀಲಿ. ಗಟ್ಟಿತನದ ಅಳತೆಯಲ್ಲಿ ವಜ್ರ 10, ಇವು 9. ಆದ್ರೆ ಕೃತಕ ಮಾಣಿಕ್ಯ ನೂರು ವರ್ಷಕ್ಕಿಂತ ಹಿಂದಿನಿಂದಲೂ ತಯಾರಾಗ್ತಿದೆ. ಬಣ್ಣದ ಗಾಜು ಇನ್ನೂ ಅಗ್ಗ. ಬಿರುಕಿಗೆ ಗಾಜು ತುಂಬಿ ಹೊಳಪು ಕೊಟ್ಟ ಮಾಣಿಕ್ಯ ಇದೆ, ಎಣ್ಣೆ ಕುಡಿಸಿದ ಪಚ್ಚೆ ಇದೆ. ನನ್ನ ಕಣ್ಣಿಗೂ ನಿಮ್ಮ ಕಣ್ಣಿಗೂ ಎಲ್ಲಾ ಒಂದೇ ಥರ ಕಾಣುತ್ತೆ. ಅಮ್ಮನ ನೆಕ್ಲೇಸಿನಲ್ಲಿದ್ದಿದ್ದು ಗಾಜು. ಕಿತ್ತ ಕಲ್ಲನ್ನ ಒಂದು ಪೊಟ್ಟಣದಲ್ಲಿ ಕಟ್ಟಿ ವಾಪಸ್ ಕೊಟ್ರು. ಎರಡನೇ ಫೋಟೋದಲ್ಲಿ ಇರೋದು ಅದೇ.

ಹಾಗಾಗಿ ಬಿಲ್‌ನಲ್ಲಿ ಸುಮ್ನೆ "ಸ್ಟೋನ್" ಅಂತ ಬರೆದ್ರೆ ಒಪ್ಪಬೇಡಿ. ಯಾವ ಕಲ್ಲು, ಅಸಲಿನಾ ಕೃತಕನಾ, ಎಷ್ಟು ತೂಕ, ಎಷ್ಟು ರೇಟು. ಬೆಲೆ ಬಾಳೋ ಕಲ್ಲು ಅಂತ ದುಡ್ಡು ತಗೊಂಡ್ರೆ ಲ್ಯಾಬ್ ರಿಪೋರ್ಟ್ ಕೊಡಲಿ. ಜಾತಕಕ್ಕೆ ಅಂತ ಹರಳಿನ ಉಂಗುರ ಮಾಡಿಸೋರಿಗೂ ಇದೇ ಮಾತು. ನಿಮ್ಮ ನಂಬಿಕೆ ಬಗ್ಗೆ ನನ್ನ ತಕರಾರಿಲ್ಲ. ಪುಷ್ಯರಾಗಕ್ಕೆ ದುಡ್ಡು ಕೊಟ್ಟು ಗಾಜು ಹಾಕ್ಕೊಂಡ್ರೆ ಗುರು ಬಲ ಬರೋದು ಅಂಗಡಿಯವನಿಗೆ.

ಭಾಗ 4/7

ಬಿಕಾಂ ಓದ್ತಿದ್ದೀನಿ, ಲೆಕ್ಕ ಹಾಕದೇ ಬಿಡೋಕಾಗಲ್ಲ. ಸುಲಭ ಆಗ್ಲಿ ಅಂತ ಗ್ರಾಂಗೆ 10,000 ಅಂತ ಇಟ್ಕೊಳ್ಳೋಣ.

ಹಾರದ ಗ್ರಾಸ್ ತೂಕ 20 ಗ್ರಾಂ
ಕಲ್ಲು 2 ಗ್ರಾಂ, ನೆಟ್ 18 ಗ್ರಾಂ
ಚಿನ್ನದ ಬೆಲೆ: 1,80,000
ಮಜೂರಿ, ವೇಸ್ಟೇಜ್ ಸೇರಿ 15%: 27,000
ಕಲ್ಲಿಗೆ: 6,000
ಒಟ್ಟು: 2,13,000
ಜಿಎಸ್‌ಟಿ 3%: 6,390
ಕೊಡೋದು: 2,19,390

ಮನಸ್ಸು ಬದಲಾಯ್ತು, ಅವತ್ತೇ ಸಂಜೆ ಮಾರಿದ್ರಿ ಅಂದ್ಕೊಳ್ಳಿ. 18 ಗ್ರಾಂ ಚಿನ್ನಕ್ಕೆ ಮಾತ್ರ ದುಡ್ಡು. ಅದರಲ್ಲೂ 2% ಕಡಿತ ಅಂತ ಹಿಡಿದ್ರೆ 1,76,400. ಬೆಳಿಗ್ಗೆಯಿಂದ ಸಂಜೆಗೆ 42,990 ರೂಪಾಯಿ ಹೋಯ್ತು. ಚಿನ್ನದ ರೇಟು ಸುಮಾರು 24% ಏರಿದ ಮೇಲೆ ನೀವು ಶುರು ಮಾಡಿದ ಜಾಗಕ್ಕೆ ವಾಪಸ್ ಬರ್ತೀರ. ಲಾಭ ಅದರ ನಂತರದ ಮಾತು.

"ಒಡವೆ ಖರ್ಚಲ್ಲ, ಆಸ್ತಿ" ಅಂತ ಮನೇಲಿ ಹೇಳ್ತಾರಲ್ಲ, ಅರ್ಧ ನಿಜ. 18 ಗ್ರಾಂ ಆಸ್ತಿ. ಉಳಿದದ್ದು ತೊಡೋ ಖುಷಿಗೆ ಮಾಡಿದ ಖರ್ಚು. ಆ ಖುಷಿ ತಪ್ಪಲ್ಲ, ರೇಷ್ಮೆ ಸೀರೆಗೂ ಖರ್ಚು ಮಾಡ್ತೀವಿ. ಖರ್ಚನ್ನ ಆಸ್ತಿ ಕಾಲಂನಲ್ಲಿ ಬರೆದ್ರೆ ನಮ್ಮ ಲೆಕ್ಚರರ್ ಮಾರ್ಕ್ಸ್ ಕೊಡಲ್ಲ, ಜೀವನನೂ ಕೊಡಲ್ಲ.

ಇನ್ನು ವೇಸ್ಟೇಜ್. ಮಜೂರಿ ಕೊಡಲೇಬೇಕು. ಬೆಂಕಿ ಮುಂದೆ ಕೂತು ಕಣ್ಣು ಸವೆಸೋ ಅಕ್ಕಸಾಲಿಗರ ಕೂಲಿಗೆ ಚೌಕಾಸಿ ಮಾಡೋ ಮನುಷ್ಯ ನಾನಲ್ಲ. ಆದ್ರೆ "ವೇಸ್ಟ್" ಆಗೋ ಚಿನ್ನ ಎಲ್ಲಿಗೆ ಹೋಗುತ್ತೆ? ಅಕ್ಕಸಾಲಿಗರ ಬೀದಿಯ ಧೂಳನ್ನೂ ತೊಳೆದು ಚಿನ್ನದ ಕಣ ತೆಗೆಯೋ ಜಲಗಾರರು ನಮ್ಮ ನಾಡಲ್ಲಿದ್ರು. ಅರ ಹೊಡೆದ ಪುಡಿ ಗುಡಿಸಿ ಮತ್ತೆ ಕರಗಿಸ್ತಾರೆ. ಸರಳವಾದ ಬಳೆಗೂ ಕುಸುರಿ ಹಾರಕ್ಕೂ ಒಂದೇ ಪರ್ಸೆಂಟ್ ಹೇಳಿದ್ರೆ "ಯಾಕೆ?" ಅಂತ ಕೇಳಿ. ವೇಸ್ಟೇಜ್, ಮಜೂರಿ, ವಿಎ ಅಂತ ಮೂರು ಹೆಸರಲ್ಲಿ ಹೇಳಿದ್ರೆ ಮೂರನ್ನೂ ಕೂಡಿಸಿ ಒಂದೇ ಅಂಕಿ ಹೇಳಿಸಿ. ಆ ಅಂಕಿ ಇಟ್ಕೊಂಡು ಪಕ್ಕದ ಅಂಗಡಿಗೆ ಹೋಗಿ.

ಭಾಗ 5/7

ವಜ್ರದ ಬಗ್ಗೆ ಬೇಗ ಮುಗಿಸ್ತೀನಿ, ನಮ್ಮಲ್ಲಿ ಎಷ್ಟು ಜನ ಕೊಳ್ತೀವೋ ಗೊತ್ತು. ಆದ್ರೂ ಉಂಗುರದ ಆಸೆ ಕ್ಲಾಸಲ್ಲಿ ಸುಮಾರು ಜನಕ್ಕಿದೆ.

ಚಿನ್ನದ ಕ್ಯಾರೆಟ್ ಶುದ್ಧತೆ, ಕಲ್ಲಿನ ಕ್ಯಾರೆಟ್ ತೂಕ. ಐದು ಕ್ಯಾರೆಟ್ ಸೇರಿದ್ರೆ ಒಂದು ಗ್ರಾಂ. ಒಂದು ಕ್ಯಾರೆಟ್‌ಗೆ ನೂರು ಸೆಂಟ್. "ಒಟ್ಟು 50 ಸೆಂಟ್" ಅಂತ ಹತ್ತು ಪುಟ್ಟ ವಜ್ರ ಕೂರಿಸಿದ ಉಂಗುರಕ್ಕೆ 50 ಸೆಂಟಿನ ಒಂಟಿ ವಜ್ರದ ಬೆಲೆ ಕೊಡಬೇಡಿ. ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್ ರೇಟೇ ಏರುತ್ತೆ. ವಜ್ರದ ಒಡವೆಗೆ ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನ ಹಾಕ್ತಾರೆ. 22ರ ರೇಟು 10,000 ಇದ್ದಾಗ 18ರ ಚಿನ್ನದ ಬೆಲೆ ಸುಮಾರು 8,180. ಬಿಲ್‌ನಲ್ಲಿ ಯಾವ ರೇಟ್ ಹಾಕಿದ್ದಾರೆ ನೋಡಿ.

ಲ್ಯಾಬ್ ವಜ್ರ ನಕಲಿ ಅಲ್ಲ, ಅದೂ ಇಂಗಾಲದ ಹರಳೇ. ಬೆಲೆ ತುಂಬಾ ಕಡಿಮೆ, ಮರುಮಾರಾಟದ ಬೆಲೆ ಇನ್ನೂ ಕಡಿಮೆ. ತೊಡೋಕೆ ತಗೊಳ್ಳಿ, ಕೂಡಿಡೋಕೆ ಬೇಡ.

ತಿಂಗಳ ಸ್ಕೀಮ್: 11 ಕಂತು ಕಟ್ಟಿ, ಕೊನೇಗೆ ಒಂದಿಷ್ಟು ರಿಯಾಯಿತಿ. ಯಾಕೆ 11 ತಿಂಗಳು ಗೊತ್ತಾ? ಸರಕಿಗಾಗಿ ತಗೊಂಡ ಮುಂಗಡವನ್ನ ಕಂಪನಿ 365 ದಿನದೊಳಗೆ ತೀರಿಸದಿದ್ರೆ ಅದು ಕಾನೂನಿನ ಪ್ರಕಾರ ಠೇವಣಿ ಆಗಿಬಿಡುತ್ತೆ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಐದು ಲಕ್ಷದವರೆಗೆ ವಿಮೆ ಇದೆ. ಇದಕ್ಕಿಲ್ಲ. ಬಾಗಿಲು ಮುಚ್ಚಿದ್ರೆ ನಿಮ್ಮ ಕೈಲಿರೋದು ಒಂದು ಪಾಸ್‌ಬುಕ್. ಪಾಕೆಟ್ ಮನಿ ಹಾಕೋ ಮುಂಚೆ ಯೋಚನೆ ಮಾಡಿ.

ಭಾಗ 6/7

ನಿಮ್ಮ ಮೆಸೇಜ್‌ಗಳಿಗೆ ಉತ್ತರ.

"ರೇಟು ಅಷ್ಟು ಏರಿದೆ, ನಿಮ್ಮಮ್ಮಂಗೆ ಲಾಭನೇ ಅಲ್ವಾ?" ಏರಿದ್ದು ಮಾರುಕಟ್ಟೆ. ನಮ್ಮ ಹತ್ತೂವರೆ ಗ್ರಾಂ ಮೇಲೂ ಆ ಏರಿಕೆ ನಮಗೇ ಸೇರಬೇಕಿತ್ತು. ಆವತ್ತಿನ ಲೆಕ್ಕಕ್ಕೆ ಅರವತ್ತು ಸಾವಿರದ ಆಸುಪಾಸು. ಜೇಬು ಕತ್ತರಿಸಿದವನು ಬಸ್ ಚಾರ್ಜಿಗೆ ಬಿಟ್ಟು ಹೋದ ಅಂತ ಥ್ಯಾಂಕ್ಸ್ ಹೇಳ್ತೀರಾ?

"ಸಣ್ಣ ಅಂಗಡಿಗೆ ಹೋದ್ರೆ ಹೀಗೇ. ದೊಡ್ಡ ಶೋರೂಂಗೆ ಹೋಗಿ." ಎಸಿ, ಬಾದಾಮಿ ಹಾಲು, ಸಿನಿಮಾ ನಟರ ಕಟೌಟ್ ಇದ್ದ ಮಾತ್ರಕ್ಕೆ ನೆಟ್ ತೂಕ ತಾನಾಗೇ ಬರೆಯಲ್ಲ. ನೇರವಾಗಿ ನಡ್ಕೊಳ್ಳೋ ಸಣ್ಣ ಅಂಗಡಿಗಳೂ ಇವೆ. ಅಳತೆ ಗೋಡೆಯ ಮಾರ್ಬಲ್ ಅಲ್ಲ, ಬಿಲ್.

"ಕೇಳಿದ್ರೆ ಅವಮಾನ ಮಾಡ್ದಂಗೆ." ಇದಕ್ಕೇ ನನಗೆ ಜಾಸ್ತಿ ಕೋಪ. ಅರ್ಧ ಕೆಜಿ ಟೊಮೆಟೊ ತಗೊಳ್ಳುವಾಗ ತಕ್ಕಡಿ ಮುಳ್ಳು ನೋಡ್ತೀವಿ. ಸಂತೇಲಿ ಕೂತ ಅಜ್ಜಿ ಹತ್ರ ಐದು ರೂಪಾಯಿಗೆ ಜಗಳ ಆಡ್ತೀವಿ. ಎರಡು ಲಕ್ಷದ ಕೌಂಟರ್ ಮುಂದೆ ಮಾತ್ರ ಮರ್ಯಾದೆ ನೆನಪಾಗುತ್ತೆ. ಒರೆಗಲ್ಲು ಯಾಕೆ ಹುಟ್ಟಿತು? ನಮ್ಮ ಹಿಂದಿನವರು ಚಿನ್ನವನ್ನ ಮಾತಿನ ಮೇಲೆ ಕೊಳ್ತಿರಲಿಲ್ಲ, ಉಜ್ಜಿ ನೋಡ್ತಿದ್ರು. ಪರೀಕ್ಷೆ ಮಾಡೋದೇ ಸಂಪ್ರದಾಯ.

"ಈಗಾಗ್ಲೇ ತಗೊಂಡಾಗಿದೆ, ಏನ್ ಮಾಡ್ಲಿ?" ಬಿಐಎಸ್ ಮಾನ್ಯತೆ ಇರೋ ಪರೀಕ್ಷಾ ಕೇಂದ್ರದಲ್ಲಿ ಯಾರು ಬೇಕಾದ್ರೂ ತಮ್ಮ ಒಡವೆ ಪರೀಕ್ಷೆ ಮಾಡಿಸಬಹುದು, ಸಣ್ಣ ಶುಲ್ಕ ಇದೆ. ಹಾಲ್‌ಮಾರ್ಕ್ ಒಡವೆಯ ಶುದ್ಧತೆ ಕಡಿಮೆ ಬಂದ್ರೆ, 2018ರ ಬಿಐಎಸ್ ನಿಯಮದ ಪ್ರಕಾರ ಕೊರತೆಯ ಎರಡರಷ್ಟು ಮೊತ್ತ ಮತ್ತು ಪರೀಕ್ಷೆ ಖರ್ಚು ನಿಮಗೆ ಬರಬೇಕು. ಆದ್ರೆ ಬಿಲ್ ಇರಬೇಕು. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಅಂತ ಅಂಗಡಿಯವರು ಪ್ರೀತಿಯಿಂದ ಹೇಳಿದಾಗ ನೀವು 3% ಉಳಿಸಿ ಕೇಳೋ ಹಕ್ಕನ್ನೇ ಬಿಟ್ಟುಕೊಡ್ತಿದ್ದೀರ. ಅಪ್ಪ, ಅಮ್ಮನಿಗೂ ಇದನ್ನ ಹೇಳಿ.

ಭಾಗ 7/7

ಬರೋ ತಿಂಗಳು ಅಕ್ಕನ ಮದುವೆ. ಕಳೆದ ಭಾನುವಾರ ಒಡವೆಗೆ ಹೋಗಿದ್ವಿ. ನಾನು ಫೋನ್‌ನಲ್ಲಿ ಪಟ್ಟಿ ಬರ್ಕೊಂಡು ಹೋಗಿದ್ದೆ. ಸ್ಕ್ರೀನ್‌ಶಾಟ್ ತಗೊಳ್ಳಿ:

ಇವತ್ತಿನ 22 ಕ್ಯಾರೆಟ್ ರೇಟು ಎಷ್ಟು, ಬಿಲ್‌ನಲ್ಲಿ ಬರೀತೀರಾ?
ಗ್ರಾಸ್ ಎಷ್ಟು, ನೆಟ್ ಎಷ್ಟು?
ಕಲ್ಲು ಯಾವುದು, ತೂಕ ಎಷ್ಟು, ರೇಟ್ ಎಷ್ಟು?
ಮಜೂರಿ, ವೇಸ್ಟೇಜ್ ಕೂಡಿಸಿ ಎಷ್ಟು?
ಎಚ್‌ಯುಐಡಿ ಎಲ್ಲಿದೆ, ಆ್ಯಪ್‌ನಲ್ಲಿ ಹಾಕಿ ನೋಡ್ಲಾ?
ನಾಳೆ ವಾಪಸ್ ತಂದ್ರೆ ಎಷ್ಟು ಕೊಡ್ತೀರಾ?

ಕೊನೇ ಪ್ರಶ್ನೆಗೆ ಕೌಂಟರ್‌ನಲ್ಲಿದ್ದ ಅಣ್ಣ ನಕ್ಕು ಅಪ್ಪನ ಕಡೆ ತಿರುಗಿದ್ರು. "ಏನ್ ಸಾರ್, ಮಗಳು ಇನ್‌ಕಮ್ ಟ್ಯಾಕ್ಸಾ?" ಅಪ್ಪ ಮುಜುಗರದಿಂದ ನಕ್ಕರು. ನನ್ನ ಮುಖ ಕೆಂಪಾಯ್ತು, ಸುಳ್ಳು ಹೇಳಲ್ಲ. ಫೋನ್ ಜೇಬಿಗೆ ಹಾಕೋಣ ಅನ್ನಿಸ್ತು.

ಆಗ ಅಮ್ಮ ಸರವನ್ನ ತಟ್ಟೆಗೆ ವಾಪಸ್ ಇಟ್ಟು ಹೇಳಿದಳು: "ಕಲ್ಲಿನ ತೂಕ ಬೇರೆ ಬರೀರಿ. ಆಮೇಲೆ ಮಾತಾಡೋಣ."

ಬರೆದ್ರು. ಎರಡು ನಿಮಿಷನೂ ಹಿಡೀಲಿಲ್ಲ. ಹನ್ನೊಂದು ವರ್ಷದ ನಮ್ಮ ಧೈರ್ಯವನ್ನ ಕಾಪಾಡೋಕೆ ಅವತ್ತು ಬೇಕಿದ್ದಿದ್ದೂ ಅಷ್ಟೇ, ಎರಡು ನಿಮಿಷ.

ನಾವು ಇನ್ನೂ ಏನೂ ಕೊಂಡಿಲ್ಲ. ಮೂರು ಅಂಗಡಿಯ ಅಂಕಿ ಕೈಲಿದೆ, ಹೋಲಿಸ್ತಿದ್ದೀವಿ.

ನಿಮ್ಮ ಮನೆ ಬೀರು ತೆಗೆದು ಹಳೇ ಬಿಲ್ ಹುಡುಕಿ. ನೆಟ್ ತೂಕ ಬರೆದಿದ್ಯಾ ನೋಡಿ ಕಾಮೆಂಟ್‌ನಲ್ಲಿ "ಇದೆ" ಅಥವಾ "ಇಲ್ಲ" ಅಂತ ಮಾತ್ರ ಹಾಕಿ. ಅಂಗಡಿ ಹೆಸರು ಬೇಡ. ಎಷ್ಟು "ಇಲ್ಲ" ಬರುತ್ತೆ ನೋಡೋಣ. ಈ ಸೀರೀಸನ್ನ ಮದುವೆ ಇರೋ ಮನೆಯ ಒಬ್ಬರಿಗಾದ್ರೂ ಕಳಿಸಿ.

#ಬಿಲ್_ಓದಿ #ನೆಟ್_ತೂಕ_ಎಷ್ಟು #ಅಮ್ಮನ_ನೆಕ್ಲೇಸ್