ಅಗ್ಗವೆಂದರೆ ಅಸಡ್ಡೆಯಲ್ಲ

ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಕಡಿಮೆ ಖರ್ಚಿನ ಕ್ಲಿನಿಕ್ ಎಲ್ಲಿದೆ ಎಂದು ಕೇಳಿ ನೋಡಿ. ಉತ್ತರಕ್ಕೆ ಮೊದಲು ಯಾರಾದರೊಬ್ಬರು ಉಪದೇಶ ಕೊಡುತ್ತಾರೆ: ‘ದುಡ್ಡಿಲ್ಲದಿದ್ದರೆ ಸಾಕಬಾರದು.’ ಈ ಮಾತಿನಲ್ಲಿ ಪ್ರಾಣಿಪ್ರೀತಿಗಿಂತ ಉಳ್ಳವರ ಗರ್ವವೇ ಹೆಚ್ಚು ಎನ್ನುವುದು ನನ್ನ ತಕರಾರು.

ನಾನಿರುವುದು ಪೀಣ್ಯದಲ್ಲಿ. ಇಲ್ಲಿನ ವಠಾರಗಳಲ್ಲಿ ಯಾರೂ ಬೆಕ್ಕನ್ನು ಕೊಂಡು ತರುವುದಿಲ್ಲ. ಅದೇ ಬರುತ್ತದೆ, ಇಲಿ ಹಿಡಿಯುತ್ತದೆ, ಹಾಲಿನ ತಟ್ಟೆಗೆ ಒಗ್ಗಿಕೊಳ್ಳುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ‘ನನಗೆ ಸಾಕುವ ಯೋಗ್ಯತೆಯಿಲ್ಲ’ ಎಂದು ಬಾಗಿಲು ಹಾಕಿಕೊಂಡರೆ ಬೆಕ್ಕು ಮಾಯವಾಗುವುದಿಲ್ಲ, ಬೀದಿಯಲ್ಲಿ ಮರಿ ಹಾಕುತ್ತದೆ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಒಂಬತ್ತು ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಲ್ಲದು. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಎಂಟನೆಯ ಮನೆಯೂ ಒಂದಿದೆ: ಮೀನಂಗಡಿಯ ಹಿಂದೆ ಬಿಟ್ಟುಬರುವ ಗೋಣಿಚೀಲ. ‘ಸಾಕಬಾರದು’ ಎನ್ನುವವರ ಲೆಕ್ಕದಲ್ಲಿ ಈ ಚೀಲ ಇರುವುದಿಲ್ಲ.

ಖರ್ಚೆಂದರೆ ವೈದ್ಯರ ಶುಲ್ಕವಷ್ಟೇ ಅಲ್ಲ. ಒಂದು ದಿನ ರಜೆ ಹಾಕಿದರೆ ಸಂಬಳ ಕಡಿತ. ಮೆಟ್ರೋ 2014ರಲ್ಲೇ ಪೀಣ್ಯಕ್ಕೆ ಬಂತು, ಆದರೆ ಬೆಕ್ಕಿನ ಬುಟ್ಟಿಗೆ ಅದರಲ್ಲಿ ಜಾಗವಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬೇಕೆಂದರೂ ಹೋಗಿಬರುವ ಆಟೋ ಬಾಡಿಗೆ ಎಣಿಸಬೇಕು. ಇಷ್ಟೆಲ್ಲ ಎಣಿಸಿಯೂ ‘ಎಲ್ಲಿ ಮಾಡಿಸಲಿ’ ಎಂದು ಕೇಳುವವಳ ಪ್ರೀತಿಯನ್ನು ಅನುಮಾನಿಸಲು ನಾವು ಯಾರು?

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಗ್ಗದಲ್ಲಿ ಎರಡು ಬಗೆ. ದೇಣಿಗೆಯಿಂದಲೋ ಸರ್ಕಾರದ ದುಡ್ಡಿನಿಂದಲೋ ಬರುವ ಅಗ್ಗ ಒಂದು. ಪಳಗಿದ ಕೈ ದಿನಕ್ಕೆ ಹತ್ತಾರು ಶಸ್ತ್ರಚಿಕಿತ್ಸೆ ಮಾಡುವುದರಿಂದ ಬರುವುದೂ ಇದೇ ಬಗೆಯದು. ಕೈಗವಸು, ನೋವಿನ ಔಷಧಿ, ನಿಗಾ ಇವುಗಳಲ್ಲಿ ಉಳಿಸಿದ ಅಗ್ಗ ಇನ್ನೊಂದು. ಬೋರ್ಡು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯದು, ಕೇಳಬೇಕು. ಪ್ರತಿ ಬೆಕ್ಕಿಗೂ ಬೇರೆಯೇ ಆಟೋಕ್ಲೇವ್ ಮಾಡಿದ ಉಪಕರಣಗಳಿವೆಯೇ? ತೂಕ ನೋಡಿ ಅರಿವಳಿಕೆ ಕೊಡುತ್ತೀರಾ? ಎಚ್ಚರವಾಗುವವರೆಗೆ ಮೈ ಬೆಚ್ಚಗಿಡಲು ಏನು ಮಾಡುತ್ತೀರಿ? ಮನೆಗೆ ಕಳಿಸುವಾಗ ನೋವಿಗೆ ಏನು ಕೊಡುತ್ತೀರಿ? ರಾತ್ರಿ ಹೊಲಿಗೆ ಬಿಚ್ಚಿದರೆ ಯಾರಿಗೆ ಫೋನ್ ಮಾಡಬೇಕು? ನೋವಿನ ಔಷಧಿಯ ಪ್ರಶ್ನೆ ಸಣ್ಣದಲ್ಲ. ಅದು ಸಿಗದ ಮನೆಯವರು ಕನಿಕರದಿಂದ ತಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನೇ ಮುರಿದು ಕೊಡುತ್ತಾರೆ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಈ ಪ್ರಶ್ನೆಗಳಿಗೆ ಸಿಡುಕುವ ಕಡೆ ಬೆಕ್ಕನ್ನು ಬಿಡಬೇಡಿ. ವೈಟ್‌ಫೀಲ್ಡಿನ ದುಬಾರಿ ಕ್ಲಿನಿಕ್ಕಿಗೂ ಇವೇ ಪ್ರಶ್ನೆ ಹಾಕಿ. ಹವಾನಿಯಂತ್ರಿತ ಹಜಾರದಿಂದ ಕತ್ತರಿ ಶುದ್ಧವಾಗುವುದಿಲ್ಲ.

ಆದರೆ ಪ್ರಶ್ನೆ ಕೇಳುವ ಹೊರೆಯೆಲ್ಲ ಬೆಕ್ಕು ಸಾಕಿದವರ ಮೇಲೆಯೇ ಏಕೆ? 2001ರ ಕೇಂದ್ರದ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಹೆಸರಿನಲ್ಲೇ ‘ನಾಯಿಗಳು’ ಎಂದಿತ್ತು. 2023ರ ಹೊಸ ನಿಯಮಗಳ ಹೆಸರಿನಿಂದ ಆ ಪದ ಹೋಯಿತು. ನಮ್ಮ ಚರ್ಚೆಯಿಂದ ಹೋಗಿಲ್ಲ. ನಾಯಿ ಕಚ್ಚುತ್ತದೆ, ಸುದ್ದಿಯಾಗುತ್ತದೆ, ಬೆಕ್ಕು ಸದ್ದಿಲ್ಲದೆ ಸಾಯುತ್ತದೆ. ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಆ ಪಟ್ಟಿಯಲ್ಲಿ ಪ್ರಾಣಿ ಕಲ್ಯಾಣವೂ ಇದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂಥ ಕಂಪನಿಗಳಿಗೆ ಬರವೇ?

ನಾನು ಕೇಳುವುದು ಇಷ್ಟೇ. ಕಾರ್ಖಾನೆಗಳ ಆಸುಪಾಸಿನ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ಭಾನುವಾರ ಬೆಕ್ಕುಗಳಿಗೆ ಈ ಚಿಕಿತ್ಸೆ ನಡೆಯಲಿ, ದರ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ಭಾನುವಾರವೇ ಏಕೆಂದರೆ, ಗಾರ್ಮೆಂಟ್ಸ್‌ಗೆ ರಜೆ ಅಂದೇ.