ಪಂಕ್ತಿಭೇದವಿಲ್ಲದ ಅಕ್ಷರಗಳು

ವಾಚಕ ಮಹಾಶಯರು ಇಂಗ್ಲಿಷು ಪುಸ್ತಕಗಳ ಅಚ್ಚಿನ ಅಂದವನ್ನು ಮೆಚ್ಚಿರಬಹುದು. ಅಕ್ಷರಗಳ ಅಗಲವನ್ನು ಅಳೆದು ನೋಡಿದವರು ವಿರಳ. ಪುಸ್ತಕದಲ್ಲಿ ‘ಐ’ಗೆ ಕಿರಿದಾದ ಸ್ಥಳ, ‘ಎಮ್’ಗೆ ಅದರ ಎರಡು ಮೂರರಷ್ಟು. ಸಾಧಾರಣವಾದ ಬೆರಳಚ್ಚು ಯಂತ್ರಕ್ಕೆ ಈ ತಾರತಮ್ಯ ತಿಳಿಯದು. ಯಾವ ಕೀಲಿಯನ್ನೊತ್ತಿದರೂ ಅದು ಒಂದೇ ಅಳತೆಯ ಹೆಜ್ಜೆಯನ್ನಿಡುವುದು. ಗುರುವಾಗಲಿ ಲಘುವಾಗಲಿ ಅಕ್ಷರವೊಂದನ್ನು ಒಂದೆಂದೇ ಎಣಿಸಿ ಅನುಷ್ಟುಪ್ಪಿನ ಪಾದಕ್ಕೆ ಎಂಟು ಎನ್ನುವುದಿಲ್ಲವೆ? ಇದೂ ಹಾಗೆಯೇ. ಎಲ್ಲರಿಗೂ ಒಂದೇ ಅಗಲದ ಎಲೆ.

ಇಂತಹ ಅಕ್ಷರಗಳಲ್ಲಿ ಪ್ರಸಿದ್ಧವಾದುದು ‘ಕೊರಿಯರ್’. ಹೋವರ್ಡ್ ಕೆಟ್ಲರ್ ಎಂಬಾತನು 1955ರ ಸುಮಾರಿಗೆ ಅಮೆರಿಕದ ಐಬಿಎಂ ಸಂಸ್ಥೆಯ ಬೆರಳಚ್ಚು ಯಂತ್ರಗಳಿಗಾಗಿ ಇದನ್ನು ರಚಿಸಿದನು. ಸಮನಾದ ಸ್ಥಳವನ್ನು ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯದು. ಸಣ್ಣ ‘ಐ’ ಒಂಟಿ ಕಡ್ಡಿಯಂತೆ ನಿಂತು ಎಡಬಲಗಳು ಬಯಲಾಗುವುವು. ಆದುದರಿಂದ ಅದರ ತಲೆಗೂ ಪಾದಕ್ಕೂ ಉದ್ದನೆಯ ಅಡ್ಡಗೆರೆಗಳನ್ನು ಜೋಡಿಸಿ ಬಯಲನ್ನು ತುಂಬಿದ್ದಾನೆ. ‘ಎಮ್’ ಮಾತ್ರ, ಪಾಪ, ಮೂರು ಕಾಲುಗಳನ್ನೂ ಮುದುಡಿಕೊಂಡು ಕುಳಿತಿದೆ. ಒಂದು ಎಂಬ ಅಂಕಿಯೂ ಸಣ್ಣ ‘ಎಲ್’ ಅಕ್ಷರವೂ ಅವಳಿಗಳಂತಿರುವುದು ಇದರ ದೋಷವೆಂದೇ ನನ್ನ ಎಣಿಕೆ. ಐಬಿಎಂ ಸಂಸ್ಥೆಯು ಇದರ ಸ್ವಾಮ್ಯವನ್ನು ತನಗೇ ಕಾದಿರಿಸಿಕೊಳ್ಳಲಿಲ್ಲವಾಗಿ ಇತರರ ಯಂತ್ರಗಳಿಗೂ, ಮುಂದೆ ಗಣಕಯಂತ್ರಗಳಿಗೂ ಇದು ಹಬ್ಬಿತು.

12 ಪಾಯಿಂಟಿನ ಅಳತೆಯಲ್ಲಿ ಅಂಗುಲಕ್ಕೆ ಸರಿಯಾಗಿ 10 ಅಕ್ಷರ. ಹಾಲಿವುಡ್ಡಿನ ಚಿತ್ರಕಥೆಗಾರರು ಈ ಅಳತೆಯನ್ನೇ ಹಿಡಿದು, ಒಂದು ಪುಟಕ್ಕೆ ತೆರೆಯ ಮೇಲೆ ಹೆಚ್ಚು ಕಡಮೆ ಒಂದು ನಿಮಿಷವೆಂದು ಲೆಕ್ಕ ಹಾಕುವರು. ಅಮೆರಿಕದ ವಿದೇಶಾಂಗ ಇಲಾಖೆಯವರು 2004ರಲ್ಲಿ ಇದನ್ನು ಬಿಟ್ಟು ಟೈಮ್ಸ್ ನ್ಯೂ ರೋಮನ್ ಅಕ್ಷರವನ್ನು ಹಿಡಿದರು. ಕಾಗದ ಪತ್ರಕ್ಕೆ ಅದೇ ಚೆಲುವು, ಒಪ್ಪುವೆನು. ಅಂಕಿಗಳ ಪಟ್ಟಿಯ ಮಾತು ಬೇರೆ.

ನಮ್ಮ ಶಾಲೆಗೆ ಗಣಕಯಂತ್ರ ಬಂದ ವರ್ಷ ಗುಮಾಸ್ತರು ಅಂಕಪಟ್ಟಿಯನ್ನು ಕೊರಿಯರಿನಲ್ಲಿಯೇ ಬೆರಳಚ್ಚು ಮಾಡಿ, ಖಾಲಿ ಜಾಗದ ಕೀಲಿಯನ್ನೊತ್ತಿ ಒತ್ತಿ ಸಾಲುಗೊಳಿಸಿದ್ದರು. ನಾನು ಚೆಲುವಿಗೆ ಮರುಳಾಗಿ ಪುಸ್ತಕದ ಅಕ್ಷರಕ್ಕೆ ಬದಲಿಸಿ, ಪುನಃ ನೋಡದೆ ಹಲಗೆಗೆ ಅಂಟಿಸಿಬಿಟ್ಟೆನು. ಆ ಅಕ್ಷರದಲ್ಲಿ ಖಾಲಿ ಜಾಗವು ಅಂಕಿಗಿಂತ ಕಿರಿದು. ಹೆಸರು ಚಿಕ್ಕದಾದಷ್ಟೂ ಅದರ ಮುಂದೆ ಖಾಲಿ ಜಾಗ ಹೆಚ್ಚು. ಸಾಲು ಅಷ್ಟಷ್ಟು ಎಡಕ್ಕೆ ಜಾರಿತು. ಪುಟ್ಟ ಹೆಸರಿನ ಒಬ್ಬ ಹುಡುಗಿಯ ವಿಜ್ಞಾನದ 41 ಗಣಿತದ ಕೆಳಗೆ ಬಂದು ನಿಂತಿತು. ಮೂರನೆಯ ದಿನ ಅವಳು ನನ್ನ ಮೇಜಿನ ಮುಂದೆ ನಿಂತು, “ಗಣಿತದಲ್ಲಿ ಒಂದು ಲೆಕ್ಕ ಬಿಟ್ಟು ಎಲ್ಲಾ ಸರಿ ಮಾಡಿದ್ದೆ, ಸಾರ್. ಅಪ್ಪ ಓದು ಸಾಕು ಅಂತಿದಾರೆ” ಎಂದಳು.

ಅಂದು ಸಂಜೆ ಪಟ್ಟಿಯನ್ನು ಪುನಃ ಕೊರಿಯರಿಗೆ ತಂದು, ಅಚ್ಚು ತೆಗೆದು, ನಾನೇ ಅವರ ಮನೆಗೆ ಒಯ್ದೆನು. ತಪ್ಪು ನನ್ನದೆಂದು ಹೇಳಿದೆನು. ಆಕೆಯ ತಂದೆ ಮಾತನಾಡಲಿಲ್ಲ. ಗಣಿತವೆಂಬ ಶೀರ್ಷಿಕೆಯ ಮೇಲೆ ಬೆರಳಿಟ್ಟು, ನೆಟ್ಟಗೆ ಕೆಳಕ್ಕೆ ಎಳೆಯುತ್ತ ಬಂದು, ಮಗಳ ಸಾಲಿನಲ್ಲಿ ನಿಂತು, “ತೊಂಬತ್ತೆರಡು” ಎಂದು ಎರಡು ಸಲ ಓದಿಕೊಂಡರು.